ಹೆಸರು ಒಂದೇ, ಬರೆಯುವವರು ಮೂವರು

(ಮಂಡ್ಯ, ಮದ್ದೂರು, ಮಳವಳ್ಳಿಯ ಕನ್ನಡ ಯುವಕ ಯುವತಿಯರ ಕಂಪ್ಯೂಟರ್ ಶಿಬಿರದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ಕರೆಯಲು ಬಂದವರಿಗೆ ಮೊದಲೇ ಹೇಳಿದ್ದೆ, ನಾನು ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಮೊಳೆ ಜೋಡಿಸುವುದನ್ನು ಕಲಿತೆ, ಟ್ರೆಡಲ್ ತುಳಿದೆ, ಆಮೇಲೆ ಆಫ್‌ಸೆಟ್ ಬಂತು, ಡಿಟಿಪಿ ಬಂತು, ಈಗ ಫ್ಲೆಕ್ಸ್ ಕೂಡ ನೋಡುತ್ತಿದ್ದೇನೆ. "ನೀವು ಡೇಟಾಬೇಸ್ ಬಗ್ಗೆ ಮಾತಾಡಿ" ಎಂದಾಗ ನಗು ಬಂತು. ಆದರೆ ಯೋಚಿಸಿ ನೋಡಿದೆ. ಮದುವೆಯ ಲಗ್ನಪತ್ರಿಕೆಯಿಂದ ಹಿಡಿದು ಸೊಸೈಟಿಯ ರಸೀದಿ ಪುಸ್ತಕದವರೆಗೆ ನಾನು ಬದುಕಿನುದ್ದಕ್ಕೂ ಮಾಡಿದ್ದು ಒಂದೇ ಕೆಲಸ: ಜನ ತುಂಬುವ ನಮೂನೆಗಳನ್ನು ಅಚ್ಚು ಹಾಕಿದ್ದು. ನೀವು ಪರದೆಯ ಮೇಲೆ ಮಾಡುವುದೂ ಅದೇ ಕೆಲಸ. ಕಾಗದ ಹೋಗಿ ಗಾಜು ಬಂದಿದೆ, ಅಷ್ಟೇ.

ಮೊದಲು ಒಬ್ಬ ಅಜ್ಜಿಯ ಮಾತು ಹೇಳುತ್ತೇನೆ. ನಮ್ಮ ಪ್ರೆಸ್ಸಿನಲ್ಲಿ ಒಂದು ಜೆರಾಕ್ಸ್ ಮೆಷಿನ್ ಇದೆ. ಆ ಅಜ್ಜಿ ಒಂದು ದಿನ ಮೂರು ಕಾಗದ ಹಿಡಿದು ಬಂದರು. ಒಂದು ಪಡಿತರ ಚೀಟಿ, ಒಂದು ಬ್ಯಾಂಕಿನ ಪಾಸ್‌ಬುಕ್ಕು, ಒಂದು ಪಹಣಿ. ಮೂರರಲ್ಲೂ ಅವರದೇ ಹೆಸರು, ಆದರೆ ಮೂರು ರೀತಿ. ಒಂದರಲ್ಲಿ ಹೆಸರಿನ ನಡುವೆ ಜಾಗ ಬಿಟ್ಟಿದ್ದಾರೆ, ಒಂದರಲ್ಲಿ ಒತ್ತಕ್ಷರ ಬದಲಾಗಿದೆ, ಇನ್ನೊಂದರಲ್ಲಿ ಇಂಗ್ಲಿಷಿನಿಂದ ತಿರುಗಿ ಕನ್ನಡಕ್ಕೆ ತಂದು ಗುರುತೇ ಸಿಗದ ಹಾಗೆ ಮಾಡಿದ್ದಾರೆ. ಯಾವುದೋ ಪರಿಹಾರದ ಹಣ ಅದೇ ಕಾರಣಕ್ಕೆ ನಿಂತಿತ್ತು. ನಾನು ಕೇಳಿದೆ: "ಯಾವುದವ್ವಾ ಇದರಲ್ಲಿ ನಿಮ್ಮ ಸರಿಯಾದ ಹೆಸರು?" ಅಜ್ಜಿ ಹೇಳಿದರು: "ನನ್ ಹೆಸ್ರು ಒಂದೇ ಕಣಪ್ಪ, ಬರೆಯೋರು ಮೂವರು."

ಬಂಧುಗಳೇ, ಡೇಟಾಬೇಸ್ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ಅವುಗಳ ಸಾರವನ್ನೆಲ್ಲ ಆ ಅಜ್ಜಿ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಬೇರೆ ಕಡೆ ಬೇಕಾದಾಗ ಅದರ ನಂಬರನ್ನು ಮಾತ್ರ ಬರೆಯಬೇಕು. ಮೂರು ಕಡೆ ಬರೆದರೆ ಇವತ್ತಲ್ಲ ನಾಳೆ ಮೂರೂ ಬೇರೆಬೇರೆ ಆಗಿಯೇ ಆಗುತ್ತವೆ.

ನಾನು ಮಾಡಿದ ತಪ್ಪು

ಬೇರೆಯವರ ತಪ್ಪು ಹೇಳಿದೆ, ನನ್ನದನ್ನೂ ಹೇಳಬೇಕು. ಪ್ರೆಸ್ಸಿನ ಆರ್ಡರ್ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಬೇಕೆಂದು ಹಟ ಹಿಡಿದೆ. ಒಂದು ಎಕ್ಸೆಲ್ ಹಾಳೆ ತೆರೆದೆ. ಅಡ್ಡಕ್ಕೆ ಹೆಸರು, ಊರು, ಏನು ಕೆಲಸ, ಎಷ್ಟು ಪ್ರತಿ, ದರ, ಮುಂಗಡ, ಬಾಕಿ. ಒಂದು ಆರ್ಡರಿಗೆ ಒಂದು ಸಾಲು. ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ನೋಡಿದರೆ ಒಬ್ಬನೇ ಗಿರಾಕಿ ಐದು ರೂಪದಲ್ಲಿ ಕೂತಿದ್ದಾನೆ. ನಾನು ಟೈಪು ಮಾಡಿದ ದಿನ "ಸಿದ್ದೇಗೌಡ", ಹುಡುಗ ಟೈಪು ಮಾಡಿದ ದಿನ "ಸಿದ್ಧೇಗೌಡ", ಅವಸರದ ದಿನ "ಸಿದ್ದಣ್ಣ", ಊರಿನ ಹೆಸರು ಸೇರಿಸಿ ಒಂದು, ಅಡ್ಡಹೆಸರು ಸೇರಿಸಿ ಇನ್ನೊಂದು. ಬಾಕಿ ಎಷ್ಟು ಎಂದು ಕೂಡಿದರೆ ಐದು ಲೆಕ್ಕ.

ಅದಾದರೂ ಪರವಾಗಿಲ್ಲ. ಇನ್ನೊಂದು ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಗಿರಾಕಿಗಳಿದ್ದರು. ನಮ್ಮ ಕಡೆ ಅದೇನು ವಿಶೇಷವಲ್ಲ, ಮನೆದೇವರ ಹೆಸರು ಇಟ್ಟರೆ ಒಂದೇ ಬೀದಿಯಲ್ಲಿ ನಾಲ್ವರು ಸಿಗುತ್ತಾರೆ. ನನ್ನ ಹಾಳೆಯಲ್ಲಿ ಇಬ್ಬರೂ ಒಂದಾಗಿ ಹೋಗಿದ್ದರು. ಒಬ್ಬರ ಬಾಕಿಯನ್ನು ಕೇಳಲು ನಮ್ಮ ಹುಡುಗ ಇನ್ನೊಬ್ಬರ ಮನೆಗೆ ಹೋದ. ಅವತ್ತು ಅವರ ಮನೆಯಲ್ಲಿ ಮಗಳ ಮದುವೆಯ ಚಪ್ಪರ ಹಾಕಿದ್ದರು. ಬೀಗರ ಎದುರಿಗೇ ಕೇಳಿದ. ಮಾರನೇ ವಾರ ಆ ಹಿರಿಯರು ಪ್ರೆಸ್ಸಿಗೆ ಬಂದು ಮೇಜಿನ ಮೇಲೆ ದುಡ್ಡಿಟ್ಟರು. "ಸಾಲ ನನ್ನದಲ್ಲ ಸ್ವಾಮಿ. ಆದ್ರೂ ಚಪ್ಪರದ ಕೆಳಗೆ ಕೇಳಿಬಿಟ್ರಲ್ಲ, ಮಡಿಕ್ಕಳಿ" ಎಂದರು. ನಾನು ದುಡ್ಡು ವಾಪಸು ಕೊಟ್ಟೆ, ಕೈ ಮುಗಿದೆ. ಮಾತು ವಾಪಸು ಬರುತ್ತದೆಯೇ? ಆಮೇಲೆ ಅವರು ನಮ್ಮ ಪ್ರೆಸ್ಸಿಗೆ ಬರಲಿಲ್ಲ.

ಅವತ್ತು ರಾತ್ರಿ ಅಂದುಕೊಂಡೆ, ಇದನ್ನು ಸರಿಯಾಗಿ ಕಲಿಯದೆ ಬಿಡಬಾರದು. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು ಬಿಲ್ಲು, ನಾಲ್ಕು ಪುಸ್ತಕ

ಒಂದು ಸಾಮಾನ್ಯ ಬಿಲ್ಲನ್ನು ನೋಡಿ. ತಲೆಯಲ್ಲಿ ಬಿಲ್ ನಂಬರು, ತಾರೀಖು, ಗಿರಾಕಿಯ ಹೆಸರು, ಊರು. ನಡುವೆ ಗೆರೆ ಎಳೆದ ಸಾಲುಗಳು: ಲಗ್ನಪತ್ರಿಕೆ 300, ಬೀಗರ ಔತಣದ ಕಾರ್ಡು 200, ಫ್ಲೆಕ್ಸ್ 1. ಕೆಳಗೆ ಒಟ್ಟು, ಮುಂಗಡ, ಬಾಕಿ. ಕಣ್ಣಿಗೆ ಇದು ಒಂದು ಕಾಗದ. ಲೆಕ್ಕಕ್ಕೆ ಇದು ನಾಲ್ಕು ಪುಸ್ತಕ.

ಮೊದಲನೆಯದು ಗಿರಾಕಿಯ ಟೇಬಲ್. ಅದರಲ್ಲಿ ಗಿರಾಕಿ ನಂಬರು, ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಫೋನು. ಎರಡನೆಯದು ಆರ್ಡರ್ ಟೇಬಲ್. ಅದರಲ್ಲಿ ಆರ್ಡರ್ ನಂಬರು, ಗಿರಾಕಿ ನಂಬರು, ತಾರೀಖು, ಕೊಡಬೇಕಾದ ದಿನ. ಗಮನಿಸಿ, ಇಲ್ಲಿ ಗಿರಾಕಿಯ ಹೆಸರಿಲ್ಲ, ನಂಬರು ಮಾತ್ರ ಇದೆ. ಮೂರನೆಯದು ಬಾಬ್ತುಗಳ ಟೇಬಲ್: ಆರ್ಡರ್ ನಂಬರು, ಯಾವ ಕೆಲಸ, ಎಷ್ಟು, ಯಾವ ದರ. ಒಂದು ಆರ್ಡರಿಗೆ ಒಂದು ಬಾಬ್ತೂ ಇರಬಹುದು, ಹತ್ತೂ ಇರಬಹುದು. ನಾಲ್ಕನೆಯದು ಜಮೆ ಟೇಬಲ್: ರಸೀದಿ ನಂಬರು, ಆರ್ಡರ್ ನಂಬರು, ತಾರೀಖು, ಹಣ. ಜನ ಒಂದೇ ಸಲ ಕೊಡುವುದಿಲ್ಲ, ಮೂರು ಕಂತಿನಲ್ಲಿ ಕೊಡುತ್ತಾರೆ. ಮೂರು ಸಾಲು ಬರುತ್ತದೆ.

ಟೇಬಲ್ಲುಗಳನ್ನು ಕಟ್ಟಿ ಹಿಡಿಯುವುದು ನಂಬರು. ನಮ್ಮ ಪ್ರೆಸ್ಸಿನಲ್ಲಿ ನಂಬರಿಂಗ್ ಮೆಷಿನ್ ಎಂಬ ಪುಟ್ಟ ಸಾಧನವಿದೆ. ಒಂದೊಂದು ಒತ್ತಿಗೂ ಒಂದು ನಂಬರು ಮುಂದಕ್ಕೆ ಹೋಗುತ್ತದೆ. ಒಮ್ಮೆ ಕೊಟ್ಟ ನಂಬರನ್ನು ಮತ್ತೆ ಕೊಡುವುದಿಲ್ಲ. ಅದು ಒಂದು ಹಲ್ಲು ಜಾರಿ ಒಂದೇ ನಂಬರು ಎರಡು ರಸೀದಿಗೆ ಬಿದ್ದರೆ ಪುಸ್ತಕವನ್ನೇ ಸುಡಬೇಕು. ಡೇಟಾಬೇಸಿನಲ್ಲಿ ಪ್ರೈಮರಿ ಕೀ ಎನ್ನುವುದು ಇದನ್ನೇ. ಆ ನಂಬರನ್ನು ಇನ್ನೊಂದು ಟೇಬಲ್ಲಿನಲ್ಲಿ ಬರೆದುಕೊಂಡರೆ ಅದು ಫಾರಿನ್ ಕೀ. ಕಾರ್ಬನ್ ಪ್ರತಿಯ ಮೇಲೂ ಮೂಲದ ನಂಬರೇ ಇರುತ್ತದಲ್ಲ, ಹಾಗೆ.

ಫೋನ್ ನಂಬರನ್ನೇ ಕೀ ಮಾಡಬಾರದೇ ಎಂದು ಕೇಳುತ್ತೀರಿ. ಬೇಡಿ. ಅಪ್ಪ ಮಗನಿಗೆ ಒಂದೇ ಫೋನಿರುತ್ತದೆ, ಸಿಮ್ಮು ಬದಲಾಗುತ್ತದೆ. ಮನುಷ್ಯನ ಜೊತೆ ಬದಲಾಗುವ ಯಾವುದೂ ಕೀ ಆಗಬಾರದು. ಅರ್ಥವಿಲ್ಲದ ಬರೀ ನಂಬರೇ ಒಳ್ಳೆಯ ಕೀ.

ಪರದೆ ಮನುಷ್ಯನಿಗೆ, ಟೇಬಲ್ ಲೆಕ್ಕಕ್ಕೆ

ಟೇಬಲ್ ನಾಲ್ಕಾದವು. ಈಗ ಪರದೆ ಹೇಗಿರಬೇಕು? ಹೊಸದಾಗಿ ಕಲಿತವರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಒಂದು, ನಾಲ್ಕು ಟೇಬಲ್ಲಿಗೆ ನಾಲ್ಕು ಪರದೆ ಮಾಡುವುದು. ಗುಮಾಸ್ತ ಮೊದಲ ಪರದೆಯಲ್ಲಿ ಗಿರಾಕಿಯನ್ನು ಸೇರಿಸಿ, ಬಂದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಎರಡನೇ ಪರದೆಗೆ ಹೋಗಿ ಅದನ್ನು ಟೈಪು ಮಾಡಬೇಕು. 471 ಎಂಬುದು 417 ಆದರೆ ಒಬ್ಬರ ಆರ್ಡರು ಇನ್ನೊಬ್ಬರ ಖಾತೆಗೆ. ಇನ್ನೊಂದು ತಪ್ಪು ನಾನು ಮಾಡಿದ್ದು: ಪರದೆ ಒಂದು ಎಂದು ಟೇಬಲ್ಲನ್ನೂ ಒಂದೇ ಮಾಡುವುದು.

ಸರಿಯಾದ ದಾರಿ ಎರಡರ ನಡುವೆ ಇದೆ. ಪರದೆ ಒಂದೇ ಇರಲಿ, ಬಿಲ್ಲಿನ ಹಾಗೆಯೇ ಕಾಣಲಿ. ತಲೆಯ ಭಾಗ ಮುಖ್ಯ ಫಾರಂ, ನಡುವಿನ ಸಾಲುಗಳು ಸಬ್‌ಫಾರಂ. ಒಂದು ಗುಂಡಿ ಒತ್ತಿದರೆ ಒಳಗೆ ನಾಲ್ಕು ಟೇಬಲ್ಲಿಗೆ ಹಂಚಿ ಹೋಗಲಿ. ಹಂಚುವ ಕಷ್ಟ ಪ್ರೋಗ್ರಾಂ ಬರೆಯುವ ನಿಮ್ಮದು, ಟೈಪು ಮಾಡುವ ಬಡ ಗುಮಾಸ್ತನದಲ್ಲ.

ಇದಕ್ಕೆ ನಾನು ಪೆಟ್ಟು ತಿಂದು ಕಲಿತ ಕೆಲವು ನಿಯಮಗಳಿವೆ.

ಮೊದಲು ಹುಡುಕು, ಆಮೇಲೆ ಸೇರಿಸು. ಪರದೆ ತೆರೆದ ಕೂಡಲೇ ಹೊಸ ಹೆಸರು ಬರೆಯಲು ಖಾಲಿ ಜಾಗ ಕೊಡಬೇಡಿ. ಎರಡು ಅಕ್ಷರ ಟೈಪು ಮಾಡಿದರೆ ಹಳೆಯ ಗಿರಾಕಿಗಳ ಪಟ್ಟಿ ಬರಲಿ. ಪಟ್ಟಿಯಲ್ಲಿ ಬರೀ ಹೆಸರು ಸಾಲದು, ತಂದೆಯ ಹೆಸರೂ ಊರೂ ಕಾಣಬೇಕು. ಇಲ್ಲದಿದ್ದರೆ ಚಪ್ಪರದ ಕೆಳಗಿನ ಅವಮಾನ ಮತ್ತೆ ಆಗುತ್ತದೆ. ಪಟ್ಟಿಯಲ್ಲಿ ಇಲ್ಲವೆಂದು ಖಾತ್ರಿಯಾದ ಮೇಲೆ "ಹೊಸ ಗಿರಾಕಿ" ಎಂಬ ಗುಂಡಿ.

ಊರನ್ನು ಟೈಪು ಮಾಡಿಸಬೇಡಿ, ಆರಿಸಿಕೊಳ್ಳಲಿ. ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ? ಆ ಹೆಸರು ತಾಲ್ಲೂಕಿಗೊಂದರಂತೆ ಸಿಗುತ್ತದೆ. ಮೊದಲು ತಾಲ್ಲೂಕು, ಆಮೇಲೆ ಹೋಬಳಿ, ಆಮೇಲೆ ಊರು. ಮಳವಳ್ಳಿ ಆರಿಸಿದರೆ ಹಲಗೂರು, ಕಿರುಗಾವಲು ಮುಂತಾದ ಹೋಬಳಿ ಮಾತ್ರ ಕಾಣಲಿ. ಮದ್ದೂರು ಆರಿಸಿದರೆ ಕೊಪ್ಪ, ಆತಗೂರು, ಚಿಕ್ಕರಸಿನಕೆರೆ ಮುಂತಾದವು ಕಾಣಲಿ. ಊರಿನ ಹೆಸರು ಒಂದು ಟೇಬಲ್ಲಿನಲ್ಲಿ ಒಂದೇ ಸಲ ಸರಿಯಾಗಿ ಬರೆದಿದ್ದರೆ ಯಾರೂ ಅದನ್ನು ಕೆಡಿಸಲಾರರು.

ತಾಯಿ ಮೊದಲು, ಮಕ್ಕಳು ಆಮೇಲೆ. ಗಿರಾಕಿಗೆ ನಂಬರು ಹುಟ್ಟಿದ ಮೇಲೆ ಆರ್ಡರು, ಆರ್ಡರಿಗೆ ನಂಬರು ಹುಟ್ಟಿದ ಮೇಲೆ ಬಾಬ್ತು. ಆ ನಂಬರನ್ನು ಡೇಟಾಬೇಸೇ ಕೊಡಬೇಕು. "ಇದುವರೆಗಿನ ದೊಡ್ಡ ನಂಬರು ನೋಡಿ ಒಂದು ಕೂಡಿಸು" ಎಂದು ನೀವೇ ಬರೆದರೆ, ಎರಡು ಕಂಪ್ಯೂಟರಿನಲ್ಲಿ ಇಬ್ಬರು ಒಂದೇ ಕ್ಷಣಕ್ಕೆ ಗುಂಡಿ ಒತ್ತಿದಾಗ ಇಬ್ಬರಿಗೂ ಒಂದೇ ನಂಬರು ಬರುತ್ತದೆ. ನಂಬರಿಂಗ್ ಮೆಷಿನ್ ಒಂದೇ ಇರಬೇಕು.

ಉಳಿದರೆ ಎಲ್ಲವೂ ಉಳಿಯಲಿ, ಇಲ್ಲವೇ ಏನೂ ಉಳಿಯದಿರಲಿ. ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಆರ್ಡರು ಉಳಿದು ಬಾಬ್ತು ಉಳಿಯುವ ಮುಂಚೆ ಕರೆಂಟು ಹೋದರೆ? ತಲೆ ಇದೆ, ಮುಂಡವಿಲ್ಲ. ಅದಕ್ಕೇ ಟ್ರಾನ್ಸಾಕ್ಷನ್ ಎಂಬ ವ್ಯವಸ್ಥೆ ಇದೆ. ಶುರು ಎಂದು ಹೇಳಿ ನಾಲ್ಕೂ ಟೇಬಲ್ಲಿಗೆ ಬರೆದು, ಕೊನೆಗೆ ಕಮಿಟ್ ಎನ್ನಬೇಕು. ನಡುವೆ ಏನು ಕೆಟ್ಟರೂ ರೋಲ್‌ಬ್ಯಾಕ್, ಎಲ್ಲವೂ ಮೊದಲಿನಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೂಫಿಗೆ ಸಹಿ ಬೀಳುವ ತನಕ ಮೆಷಿನ್ ತಿರುಗಬಾರದು.

ಬಾಬ್ತಿನ ಸಾಲಿನಲ್ಲಿ ಅವತ್ತಿನ ದರ ಬರೆಯಿರಿ. ಒಂದು ಸಂಗತಿ ಒಂದೇ ಕಡೆ ಎಂದೆ ನಾನು. ಆದರೆ ದರಪಟ್ಟಿಯ ದರ ಬೇರೆ, ಅವತ್ತು ಗಿರಾಕಿಗೆ ಒಪ್ಪಿಕೊಂಡ ದರ ಬೇರೆ. ಕಾಗದದ ಬೆಲೆ ಏರಿತೆಂದು ದರಪಟ್ಟಿ ತಿದ್ದಿದರೆ ಹೋದ ವರ್ಷದ ಬಿಲ್ಲುಗಳೆಲ್ಲ ಏರಿ ಕೂರಬಾರದು. ಇವು ನೋಡಲು ಒಂದೇ, ನಿಜದಲ್ಲಿ ಎರಡು ಸಂಗತಿ. ಈ ವ್ಯತ್ಯಾಸ ತಿಳಿಯುವುದೇ ಈ ವಿದ್ಯೆಯ ಅರ್ಧ ಭಾಗ.

ಅಳಿಸಬೇಡಿ. ಗಿರಾಕಿಯನ್ನು ಅಳಿಸಿದರೆ ಅವರ ಆರ್ಡರುಗಳು ಅನಾಥವಾಗುತ್ತವೆ. ಆರ್ಡರು ಇರುವ ತನಕ ಗಿರಾಕಿಯನ್ನು ಅಳಿಸಲು ಬಿಡಬೇಡ ಎಂದು ಡೇಟಾಬೇಸಿಗೇ ಕಟ್ಟುಹಾಕಬಹುದು. ವ್ಯವಹಾರ ಮುಗಿದವರಿಗೆ "ಮುಗಿದಿದೆ" ಎಂದು ತಾರೀಖು ಹಾಕಿದರೆ ಸಾಕು.

ಪಹಣಿ ಎಂಬ ದೊಡ್ಡ ಪಾಠ

ಇದು ಒಂದು ಪ್ರೆಸ್ಸಿನ ಪುಟ್ಟ ಲೆಕ್ಕವಾಯಿತು. ಇದನ್ನೇ ನಾಡಿನ ಮಟ್ಟಕ್ಕೆ ಏರಿಸಿ ನೋಡೋಣ. ನಿಮ್ಮ ಮನೆಯಲ್ಲೇ ಅದರ ಉದಾಹರಣೆ ಇದೆ. ಅಪ್ಪನ ಟ್ರಂಕಿನಲ್ಲಿರುವ ಪಹಣಿ.

ಕರ್ನಾಟಕ ಸರ್ಕಾರ 2000ದ ಸುಮಾರಿಗೆ ಭೂಮಿ ಯೋಜನೆಯನ್ನು ಜಾರಿಗೆ ತಂದಿತು. ರಾಷ್ಟ್ರೀಯ ಮಾಹಿತಿ ಕೇಂದ್ರದವರು ತಂತ್ರಾಂಶ ಮಾಡಿದರು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ತುಂಬಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವ ಹಾಗಾಯಿತು. ಒಳಗೆ ಬದಲಾವಣೆ ಮಾಡುವ ಅಧಿಕಾರಿ ಬೆರಳಿನ ಗುರುತು ಕೊಟ್ಟೇ ಒಳಹೋಗಬೇಕು, ಯಾರು ತಿದ್ದಿದರು ಎಂಬುದು ಉಳಿಯುತ್ತದೆ. ಇದರಲ್ಲಿ ನಮಗೆ ಬೇಕಾದ ದೊಡ್ಡ ಮಾತು ಒಂದಿದೆ: ಅದೆಲ್ಲವೂ ಕನ್ನಡದಲ್ಲಿ ಆಯಿತು. "ಕನ್ನಡದಲ್ಲಿ ಡೇಟಾಬೇಸ್ ಮಾಡಲು ಬರುವುದಿಲ್ಲ" ಎಂದು ಮೂಗು ಮುರಿಯುವವರಿಗೆ ಈ ಎರಡು ಕೋಟಿ ಹಾಳೆಗಳನ್ನು ತೋರಿಸಿ.

ಆ ಹಾಳೆಯನ್ನೇ ಈಗ ನಮ್ಮ ಬಿಲ್ಲಿನ ಹಾಗೆ ಬಿಡಿಸಿ ನೋಡಿ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಕಂದಾಯ ಇವು ಜಮೀನಿನ ಸಂಗತಿ. 9ನೇ ಕಾಲಂ ಹಕ್ಕುದಾರರು. 10ನೇ ಕಾಲಂ ಆ ಹಕ್ಕು ಹೇಗೆ ಬಂತು ಎಂಬುದು. 11ನೇ ಕಾಲಂ ಸಾಲ, ಋಣ, ಇತರ ಹಕ್ಕು. 12ನೇ ಕಾಲಂ ಸಾಗುವಳಿ ಮತ್ತು ಬೆಳೆ. ಒಂದು ಹಾಳೆ, ಐದು ಪುಸ್ತಕ. ಜಮೀನು ಅಲುಗಾಡುವುದಿಲ್ಲ, ಹಕ್ಕು ತಲೆಮಾರಿಗೊಮ್ಮೆ ಬದಲಾಗುತ್ತದೆ, ಸಾಲ ವರ್ಷಕ್ಕೊಮ್ಮೆ ಬದಲಾಗುತ್ತದೆ, ಬೆಳೆ ಹಂಗಾಮಿಗೊಮ್ಮೆ ಬದಲಾಗುತ್ತದೆ. ಬೇರೆಬೇರೆ ವೇಗದಲ್ಲಿ ಬದಲಾಗುವುದನ್ನು ಬೇರೆಬೇರೆ ಟೇಬಲ್ಲಿನಲ್ಲಿ ಇಡಬೇಕು.

ಇಲ್ಲಿ ಇನ್ನೊಂದು ತೊಡಕಿದೆ. ಒಬ್ಬ ರೈತನಿಗೆ ನಾಲ್ಕು ಸರ್ವೆ ನಂಬರಿನಲ್ಲಿ ಜಮೀನಿರುತ್ತದೆ. ಒಂದು ಸರ್ವೆ ನಂಬರಿನಲ್ಲಿ ನಾಲ್ಕು ಜನರ ಪಾಲಿರುತ್ತದೆ. ಪಾಲು ಎಷ್ಟು ಎಂಬುದನ್ನು ಎಲ್ಲಿ ಬರೆಯುವುದು? ರೈತನ ಟೇಬಲ್ಲಿನಲ್ಲೂ ಆಗುವುದಿಲ್ಲ, ಜಮೀನಿನ ಟೇಬಲ್ಲಿನಲ್ಲೂ ಆಗುವುದಿಲ್ಲ. ನಡುವೆ ಪಾಲಿನ ಟೇಬಲ್ ಬೇಕು: ಜಮೀನಿನ ನಂಬರು, ರೈತನ ನಂಬರು, ಎಷ್ಟು ಗುಂಟೆ. ಮೂವರು ಅಣ್ಣತಮ್ಮಂದಿರಿಗೆ ಸೇರಿ 1 ಎಕರೆ 20 ಗುಂಟೆ ಎಂದರೆ ಪಾಲಿನ ಟೇಬಲ್ಲಿನಲ್ಲಿ ಮೂರು ಸಾಲು, ತಲಾ 20 ಗುಂಟೆ. 40 ಗುಂಟೆಗೆ ಒಂದು ಎಕರೆ ಎಂಬುದು ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. 1.20 ಎಂದು ಬರೆದರೆ ಅದು ಒಂದೂಕಾಲು ಎಕರೆಗಿಂತ ಕಡಿಮೆ ಎಂದುಕೊಳ್ಳುತ್ತದೆ, ನಿಜಕ್ಕೂ ಅದು ಒಂದೂವರೆ ಎಕರೆ. ಒಳಗೆ ಎಲ್ಲವನ್ನೂ ಗುಂಟೆ ಮಾಡಿಟ್ಟು, ಪರದೆಯ ಮೇಲೆ ಎಕರೆ ಗುಂಟೆಯಾಗಿ ತೋರಿಸಿ. ಪಾಲುಗಳ ಮೊತ್ತ ಜಮೀನಿನ ವಿಸ್ತೀರ್ಣವನ್ನು ಮೀರಿದರೆ ಫಾರಂ ಉಳಿಸಲು ಒಪ್ಪಬಾರದು.

ಈಗ ಪೌತಿ ಖಾತೆಯ ಮಾತು. ಅಪ್ಪ ತೀರಿಕೊಂಡರು, ಮಕ್ಕಳ ಹೆಸರಿಗೆ ಖಾತೆ ಆಗಬೇಕು. ವಂಶವೃಕ್ಷ ಬೇಕು. ಒಂದು ಕಾಲಕ್ಕೆ ವಂಶವೃಕ್ಷದ ಖಾಲಿ ನಮೂನೆಯನ್ನು ನಾನೇ ಅಚ್ಚು ಹಾಕಿ ಮಾರುತ್ತಿದ್ದೆ. ಕಾಗದ ಉಳಿಸಲೆಂದು ಮಕ್ಕಳಿಗೆ ಮೂರೇ ಗೆರೆ ಹಾಕಿದ್ದೆ. ಒಂದು ದಿನ ಒಬ್ಬ ಹೆಣ್ಣುಮಗಳು ಬಂದು ಕೇಳಿದಳು: "ಅಣ್ಣ, ನಾವು ನಾಲ್ಕು ಜನ. ಮೂವರು ಗಂಡುಮಕ್ಕಳ ಹೆಸ್ರು ಬರೆದ್ರು, ಜಾಗ ಮುಗೀತು ಅಂದ್ರು. ನನ್ ಹೆಸ್ರು ಎಲ್ಲಿ ಬರೀಬೇಕು?"

ಮಿತ್ರರೇ, ಆ ದಿನ ನನಗೆ ನನ್ನ ಕಸುಬಿನ ಭಯ ಹುಟ್ಟಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಕಾನೂನು ಕೊಟ್ಟದ್ದನ್ನು ನನ್ನ ಮೂರು ಗೆರೆ ಕಿತ್ತುಕೊಳ್ಳುತ್ತಿತ್ತು. ಅವತ್ತೇ ಆ ನಮೂನೆಯನ್ನು ಹರಿದು, ಹನ್ನೆರಡು ಗೆರೆಯದನ್ನು ಅಚ್ಚು ಹಾಕಿದೆ. ಡೇಟಾಬೇಸಿನಲ್ಲಿ "ವಾರಸುದಾರ 1, ವಾರಸುದಾರ 2, ವಾರಸುದಾರ 3" ಎಂದು ಕಾಲಂ ಮಾಡುವವರು ನನ್ನ ಹಳೆಯ ತಪ್ಪನ್ನೇ ಮಾಡುತ್ತಾರೆ. ವಾರಸುದಾರರಿಗೆ ಬೇರೆ ಟೇಬಲ್ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಬ್‌ಫಾರಂನಲ್ಲಿ ಸಾಲು ಬೆಳೆಯುತ್ತಾ ಹೋಗಲಿ. ಎಷ್ಟು ಮಕ್ಕಳು ಎಂಬುದನ್ನು ಮನೆಯವರು ಹೇಳಲಿ, ಫಾರಂ ಹೇಳುವುದು ಬೇಡ.

ಪಹಣಿಯಿಂದ ಇನ್ನೊಂದು ಪಾಠವಿದೆ. ಅಲ್ಲಿ ಹಳೆಯ ಹಕ್ಕುದಾರನ ಹೆಸರನ್ನು ಒರೆಸಿ ಹೊಸದು ಬರೆಯುವುದಿಲ್ಲ. ಮ್ಯುಟೇಷನ್ ಎಂದು ಬೇರೆ ದಾಖಲೆ ಹುಟ್ಟುತ್ತದೆ, ಅದಕ್ಕೊಂದು ಎಂ.ಆರ್. ನಂಬರು ಬೀಳುತ್ತದೆ, ಆಕ್ಷೇಪಣೆಗೆ ಅವಧಿ ಕೊಡುತ್ತಾರೆ, ಆಮೇಲೆ ಅದು ಪಹಣಿಗೆ ಬರುತ್ತದೆ. ಬದಲಾವಣೆಯೂ ಒಂದು ಸಂಗತಿ, ಅದಕ್ಕೂ ಒಂದು ಟೇಬಲ್ ಬೇಕು. ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದಿಲ್ಲದ ಡೇಟಾಬೇಸನ್ನು ಕಳ್ಳನೂ ನಂಬುವುದಿಲ್ಲ.

ಟೇಬಲ್ಲಿನೊಳಗೆ ಕನ್ನಡ

ಈಗ ನಮ್ಮ ನುಡಿಯ ವಿಷಯಕ್ಕೆ ಬರುತ್ತೇನೆ. ಅಂಗಡಿ ಫಲಕದ ಮೇಲೆ ಕನ್ನಡ ಬರಬೇಕೆಂದು ನಾವು ಬೀದಿಗಿಳಿಯುತ್ತೇವೆ, ಸರಿ. ರಾಜಭಾಷಾ ಕಾಯಿದೆ 1963ರಲ್ಲೇ ಬಂದಿದೆ. ಆದರೆ ಪರದೆಯ ಮೇಲೆ "ಹೆಸರು" ಎಂದು ಕನ್ನಡದಲ್ಲಿ ಬರೆದು, ಒಳಗೆ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿಕೊಂಡರೆ ಅದು ಫಲಕದ ಕನ್ನಡ ಅಷ್ಟೇ. ಇಂಗ್ಲಿಷಿನಲ್ಲಿ ತುಂಬಿದ ಹೆಸರನ್ನು ತಿರುಗಿ ಕನ್ನಡಕ್ಕೆ ತಂದರೆ ಏನಾಗುತ್ತದೆ ಎಂಬುದನ್ನು ಆ ಅಜ್ಜಿಯ ಕಾಗದದಲ್ಲಿ ನೋಡಿದೆವು. ದೀರ್ಘ ಹ್ರಸ್ವ ಗೊತ್ತಾಗುವುದಿಲ್ಲ, ತ ಯಾವುದು ಟ ಯಾವುದು ಗೊತ್ತಾಗುವುದಿಲ್ಲ, ನ ಣ ಲ ಳ ಒಂದೇ ಆಗುತ್ತವೆ. ಆದ್ದರಿಂದ ಮೂಲ ಹೆಸರು ಕನ್ನಡದಲ್ಲಿ ಇರಲಿ. ಬ್ಯಾಂಕಿಗೆ ಬೇಕಾದರೆ ಇಂಗ್ಲಿಷ್ ಕಾಗುಣಿತಕ್ಕೆ ಪಕ್ಕದಲ್ಲಿ ಇನ್ನೊಂದು ಜಾಗ ಕೊಡಿ.

ಹೆಸರಿನ ಜಾಗವನ್ನು ಮೂರು ತುಂಡು ಮಾಡಬೇಡಿ. ಮೊದಲ ಹೆಸರು, ನಡು ಹೆಸರು, ಕುಲನಾಮ ಎಂಬುದು ನಮ್ಮ ಪದ್ಧತಿಯಲ್ಲ. ನಮ್ಮಲ್ಲಿ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ಕಂದಾಯದ ದಾಖಲೆಯಲ್ಲಿ ಹಿರಿಯರು ಒಳ್ಳೆಯ ದಾರಿ ಮಾಡಿಟ್ಟಿದ್ದಾರೆ: ಇಂಥವರು ಬಿನ್ ಇಂಥವರು, ಇಂಥವರು ಕೋಂ ಇಂಥವರು. ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ಅದನ್ನೇ ಫಾರಂಗೆ ತನ್ನಿ. ಒಂದು ಜಾಗ ಹೆಸರಿಗೆ, ಒಂದು ಜಾಗ ಸಂಬಂಧಕ್ಕೆ, ಒಂದು ಜಾಗ ಸಂಬಂಧಿಯ ಹೆಸರಿಗೆ. ಒಂದೇ ಬೀದಿಯ ನಾಲ್ವರೂ ಬೇರೆಬೇರೆಯಾಗಿ ನಿಲ್ಲುತ್ತಾರೆ.

ಅಕ್ಷರದ ಲೆಕ್ಕವನ್ನೂ ತಿಳಿದಿರಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಸದ ರಾಶಿ. ನನ್ನ ಬಳಿ ಹಾಗೆ ಕೆಟ್ಟ ಫೈಲುಗಳು ಎಷ್ಟೋ ಇವೆ. ಡೇಟಾಬೇಸಿಗೆ ಯೂನಿಕೋಡ್ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ.

ಯೂನಿಕೋಡಿನಲ್ಲೂ ಎಚ್ಚರ ಬೇಕು. "ಲಕ್ಷ್ಮಮ್ಮ" ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಒಳಗೆ ಅದು ಒಂಬತ್ತು ಸಂಕೇತ, ಯುಟಿಎಫ್-8 ಲೆಕ್ಕದಲ್ಲಿ 27 ಬೈಟು. ಇಂಗ್ಲಿಷಿನ ಅಂದಾಜಿನಲ್ಲಿ ಹೆಸರಿಗೆ 30 ಬೈಟಿನ ಜಾಗ ಕೊಟ್ಟರೆ ನಮ್ಮ ತಾಯಂದಿರ ಹೆಸರು ಒತ್ತಕ್ಷರದ ನಡುವೆ ತುಂಡಾಗುತ್ತದೆ. ಧಾರಾಳವಾಗಿ ಜಾಗ ಕೊಡಿ. "ಕೊ" ಎಂಬುದನ್ನು ಎರಡು ರೀತಿ ಸಂಕೇತಗಳಲ್ಲಿ ಬರೆಯಬಹುದು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗುವುದಿಲ್ಲ. ಉಳಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು, ಅದಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಹಿಂದೆ ಮುಂದೆ ಉಳಿದ ಖಾಲಿ ಜಾಗವನ್ನೂ ಕಿತ್ತುಹಾಕಿ.

ಅಕಾರಾದಿಯ ಕಥೆ ಇನ್ನೂ ತಮಾಷೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹಕಾರದ ಆಮೇಲೆ ಬರುತ್ತದೆ. ಯೂನಿಕೋಡಿನ ಸಂಕೇತದ ಸಾಲಿನಲ್ಲಿ ಳ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮುಂಚೆ ಕೂತಿದೆ. ಸುಮ್ಮನೆ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಪಟ್ಟಿ ಕನ್ನಡದ ಕ್ರಮದಲ್ಲಿ ಬರುವುದಿಲ್ಲ. ಕನ್ನಡಕ್ಕೆಂದು ಇರುವ ಕೊಲೇಷನ್ ಆರಿಸಿಕೊಳ್ಳಬೇಕು. ಇದನ್ನು ಬೆಂಗಳೂರಿನ ದೊಡ್ಡ ಕಂಪೆನಿಯ ಪರಭಾಷೆಯ ಇಂಜಿನಿಯರ್ ಗಮನಿಸಲಾರ, ಅದು ಅವನ ತಪ್ಪಲ್ಲ. ಅದು ಕಣ್ಣಿಗೆ ಬೀಳುವುದು ಕಾಗುಣಿತ ಕಲಿತ ನಿಮಗೆ. ಆ ಕುರ್ಚಿಯಲ್ಲಿ ನೀವು ಕೂರದೆ, ಪಟ್ಟಿ ತಪ್ಪಾಯಿತೆಂದು ಹೊರಗೆ ನಿಂತು ಕೂಗಿದರೆ ಏನು ಪ್ರಯೋಜನ?

ಇವತ್ತೇ ಶುರು ಮಾಡಿ

ದುಡ್ಡಿಲ್ಲ ಎನ್ನಬೇಡಿ. ಲಿಬ್ರೆ ಆಫೀಸ್ ಬೇಸ್ ಪುಕ್ಕಟೆ, ಅದರಲ್ಲಿ ಫಾರಂ, ಸಬ್‌ಫಾರಂ ಎರಡೂ ಮಾಡಬಹುದು. ಮುಂದೆ ಬೆಳೆದರೆ ಪೋಸ್ಟ್‌ಗ್ರೆಸ್, ಅದೂ ಪುಕ್ಕಟೆ. ಆದರೆ ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮೂರಿನ ಹಾಲಿನ ಡೇರಿಯ ಪಾಸ್‌ಬುಕ್ಕೋ, ಗ್ರಂಥಾಲಯದ ಪುಸ್ತಕ ಕೊಡುವ ರಿಜಿಸ್ಟರೋ, ಕಬ್ಬಿನ ತೂಕದ ಚೀಟಿಯೋ, ಯಾವುದಾದರೂ ಒಂದು ಕಾಗದ ತೆಗೆದುಕೊಳ್ಳಿ. ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ: ಯಾವುದು ಒಂದೇ ಸಲ ಬರುತ್ತದೆ, ಯಾವುದು ಸಾಲು ಸಾಲಾಗಿ ಬರುತ್ತದೆ, ಯಾವುದನ್ನು ಪ್ರತಿ ಹಾಳೆಯಲ್ಲೂ ಮತ್ತೆ ಮತ್ತೆ ಬರೆದಿದ್ದಾರೆ. ಮತ್ತೆ ಮತ್ತೆ ಬರೆದದ್ದಕ್ಕೆಲ್ಲ ಬೇರೆ ಟೇಬಲ್ ಬೇಕೇ ಎಂದು ಕೇಳಿಕೊಳ್ಳಿ. ಆಮೇಲೆ ಆ ಕಾಗದವನ್ನು ದಿನಾ ತುಂಬುವ ಮನುಷ್ಯನ ಪಕ್ಕದಲ್ಲಿ ಒಂದು ದಿನ ಕೂತು ನೋಡಿ. ಅವನು ಮೊದಲು ಏನು ಕೇಳುತ್ತಾನೆ, ಎಲ್ಲಿ ತಡವರಿಸುತ್ತಾನೆ, ಅಂಚಿನಲ್ಲಿ ಏನು ಗೀಚಿಕೊಳ್ಳುತ್ತಾನೆ. ಅಂಚಿನಲ್ಲಿ ಗೀಚಿದ್ದು ಎಂದರೆ ನಮೂನೆ ಮಾಡಿದವನು ಮರೆತ ಕಾಲಂ.

ಮಾಡಿದ ಮೇಲೆ ಕೆಡಿಸಲು ಪ್ರಯತ್ನಿಸಿ. ಒಂದೇ ಹೆಸರಿನ ಇಬ್ಬರನ್ನು ಸೇರಿಸಿ. ಬಾಬ್ತಿಲ್ಲದ ಆರ್ಡರ್ ಉಳಿಸಲು ನೋಡಿ. ಉಳಿಸುವ ಹೊತ್ತಿಗೆ ಪ್ಲಗ್ಗು ಕಿತ್ತು ನೋಡಿ. ಅದೆಲ್ಲವನ್ನೂ ತಡೆದುಕೊಂಡರೆ ನಿಮ್ಮ ಫಾರಂ ಮಂಡ್ಯಕ್ಕೆ ಸರಿ.

ನಾನು ಈಗ ಪ್ರೆಸ್ಸಿನಲ್ಲಿ ಹೊಸ ಗಿರಾಕಿ ಬಂದರೆ ಮೊದಲು ಹೆಸರು ಕೇಳುತ್ತೇನೆ, ಆಮೇಲೆ ತಂದೆಯ ಹೆಸರು, ಆಮೇಲೆ ಊರು. ಟೈಪು ಮಾಡಿದ ಮೇಲೆ ಪರದೆಯನ್ನು ಅವರ ಕಡೆ ತಿರುಗಿಸುತ್ತೇನೆ. "ನಿಮ್ಮ ಹೆಸರು ಸರಿಯಾಗಿದೆಯೇ, ಓದಿ ನೋಡಿ" ಎನ್ನುತ್ತೇನೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಅದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಕನ್ನಡದಲ್ಲಿ ಇರುವುದರಿಂದಲೇ ಅವರು ತಮ್ಮ ಹೆಸರನ್ನು ತಾವೇ ತಿದ್ದಬಲ್ಲರು. ಇಂಗ್ಲಿಷಿನಲ್ಲಿದ್ದರೆ "ಇರಲಿ ಬಿಡಿ ಸ್ವಾಮಿ" ಎಂದು ಹೊರಟುಹೋಗುತ್ತಿದ್ದರು.

ಹೋದ ಸಲ ಪ್ರೆಸ್ಸಿಗೆ ಆ ಅಜ್ಜಿ ಮತ್ತೆ ಬಂದಿದ್ದರು. ತಿದ್ದುಪಡಿಗೆ ಅರ್ಜಿ ಕೊಟ್ಟು ಅಲೆದು ಎರಡು ಕಾಗದ ಸರಿಯಾಗಿವೆ, ಇನ್ನೊಂದು ಬಾಕಿ ಇದೆಯಂತೆ. ಆ ಮೂರನೇ ಕಾಗದವನ್ನು ಮುಂದೆ ಯಾವುದೋ ಕಚೇರಿಯ ಕಂಪ್ಯೂಟರಿನಲ್ಲಿ ತುಂಬುವವರು ನಿಮ್ಮಲ್ಲೇ ಒಬ್ಬರು ಆಗಬಹುದು. ಅವರ ಹೆಸರನ್ನು ಒಂದೇ ಸಲ ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ಅವರಿಗೆ ತೋರಿಸಿ ಬರೆಯಿರಿ.